ಜಾಲಿ ಮರದ ಹೆಸರು ವಾಟಲ್‌ಗೆ ಹೋದದ್ದು ಹೇಗೆ?

ಆಸ್ಟ್ರೇಲಿಯಾದಲ್ಲಿರುವವರು ವಾಟಲ್ ಹೂವನ್ನು ನೋಡೇ ಇರ್ತೀರಿ. ಚಳಿಗಾಲ ಮುಗೀತಾ ಬಂದ ಹಾಗೆ ರಸ್ತೆ ಬದಿಯೆಲ್ಲ ಹಳದಿ. ಹತ್ತಿರ ಹೋಗಿ ನೋಡಿದರೆ ಊರ ಕಡೆ ಹೊಲದ ಬದುವಿನಲ್ಲಿರುವ ಕರಿಜಾಲಿ ನೆನಪಾಗುತ್ತೆ. ಅದೇ ಥರ, ಕೇಸರಗಳೇ ತುಂಬಿದ ಪುಟ್ಟ ಹಳದಿ ಚೆಂಡು. ಬಳ್ಳಾರಿ ಜಾಲಿಯ ಮಾತಲ್ಲ ಇದು, ಅದರ ಕುಲವೇ ಬೇರೆ.

ಸಸ್ಯವಿಜ್ಞಾನಿಗಳೂ ಈ ಹೋಲಿಕೆಯನ್ನೇ ನಂಬಿದ್ದರು. ವಾಟಲ್, ಕರಿಜಾಲಿ, ನಮ್ಮ ಸೀಗೆ ಎಲ್ಲವೂ ಬಹುಕಾಲ 'ಅಕೇಶಿಯಾ' ಎಂಬ ಒಂದೇ ಕುಲದಲ್ಲಿದ್ದವು. ಒಟ್ಟು 1,300ಕ್ಕೂ ಹೆಚ್ಚು ಪ್ರಭೇದಗಳು!

ಆದರೆ ವ್ಯತ್ಯಾಸಗಳೂ ಇದ್ದವು. ಕರಿಜಾಲಿಗೆ ಜೋಡಿ ಜೋಡಿಯಾಗಿ ನೇರ ಮುಳ್ಳು. ಸೀಗೆಗೆ ಕೊಕ್ಕೆಯಂಥ ಮುಳ್ಳು. ವಾಟಲ್‌ಗಳಲ್ಲಿ ಹೆಚ್ಚಿನವಕ್ಕೆ ಮುಳ್ಳೇ ಇಲ್ಲ; ಎಲೆಯಂತೆ ಕಾಣೋದು ಕೂಡ ನಿಜವಾಗಿ ಚಪ್ಪಟೆಯಾದ ಎಲೆತೊಟ್ಟು. ಇವನ್ನು ಮೂರು ಕುಲ ಮಾಡೋಣ ಎಂದು ಕ್ವೀನ್ಸ್‌ಲ್ಯಾಂಡ್‌ನ ಲೆಸ್ಲಿ ಪೆಡ್ಲಿ 1986ರಲ್ಲೇ ಹೇಳಿದ್ದರು. ಹೆಚ್ಚಿನವರು ಒಪ್ಪಲಿಲ್ಲ.

ಆಮೇಲೆ ಡಿಎನ್‌ಎ ಬಂತು. ಎಲೆಯ ಹರಿತ್ತನ್ನು ಹೊತ್ತಿರುವ ಕ್ಲೋರೋಪ್ಲಾಸ್ಟ್‌ಗೆ ಅದರದ್ದೇ ಡಿಎನ್‌ಎ ಇದೆ. ಅದರ ಅಕ್ಷರಗಳು ಕಾಲ ಕಳೆದಂತೆ ಅಲ್ಲೊಂದು ಇಲ್ಲೊಂದು ಬದಲಾಗುತ್ತವೆ. ಒಂದೇ ಬದಲಾವಣೆಗಳನ್ನು ಹಂಚಿಕೊಂಡ ಗಿಡಗಳಿಗೆ ಹತ್ತಿರದ ಪೂರ್ವಜ ಇರುವ ಸಾಧ್ಯತೆ ಹೆಚ್ಚು. ಹೀಗೆ ವಂಶವೃಕ್ಷ ಬರೆದಾಗ ಏನು ಕಂಡಿತು ಗೊತ್ತೇ? ವಾಟಲ್‌ಗೆ ಕರಿಜಾಲಿಗಿಂತ ಬಾಗೆ ಮರ, ಮಳೆ ಮರಗಳೇ ಹತ್ತಿರದ ನೆಂಟರು! ಪೂರ್ವಜ ಒಂದೇ ಆದವರನ್ನು ಮಾತ್ರ ಒಂದೇ ಕುಲದಲ್ಲಿ ಇಡಬೇಕು ಅನ್ನೋದು ಇಂದಿನ ವರ್ಗೀಕರಣದ ಪಾಠ. ಹಾಗಾಗಿ ಅಕೇಶಿಯಾ ಒಡೆಯಲೇಬೇಕಾಯಿತು.

ಸರಿ, ಹಳೆಯ ಹೆಸರು ಯಾರಿಗೆ? ಪ್ರತಿ ಕುಲದ ಹೆಸರೂ ಒಂದು ಮಾದರಿ ಪ್ರಭೇದಕ್ಕೆ ಕಟ್ಟಿಕೊಂಡಿರುತ್ತೆ. ಅಕೇಶಿಯಾದ ಮಾದರಿ ಕರಿಜಾಲಿಯೇ ಆಗಿತ್ತು. ನಿಯಮದ ಪ್ರಕಾರ ಹೆಸರು ಅದಕ್ಕೇ ಉಳಿಯಬೇಕು. ಆದರೆ ಆಗ ಆಸ್ಟ್ರೇಲಿಯಾದ ಸುಮಾರು ಸಾವಿರ ಪ್ರಭೇದಗಳು 'ರಾಕೋಸ್ಪರ್ಮ' ಆಗಬೇಕಿತ್ತು. ಅಲ್ಲಿನ ವಿಜ್ಞಾನಿಗಳು ಮಾದರಿಯನ್ನೇ ಬದಲಿಸಿ ಎಂದು ಕೇಳಿದರು. 2005ರಲ್ಲಿ ವಿಯೆನ್ನಾದ ಅಂತರರಾಷ್ಟ್ರೀಯ ಸಸ್ಯವಿಜ್ಞಾನ ಸಮ್ಮೇಳನದಲ್ಲಿ ಹೆಚ್ಚು ಮತ ಈ ಪ್ರಸ್ತಾಪದ ವಿರುದ್ಧವೇ ಬಿತ್ತು. ಆದರೂ ಪ್ರಸ್ತಾಪ ಗೆದ್ದಿತು! ಸಮಿತಿಯ ಶಿಫಾರಸನ್ನು ತಳ್ಳಿಹಾಕಲು ಶೇಕಡಾ 60 ಮತ ಬೇಕಿತ್ತು, ಬಂದದ್ದು ಸುಮಾರು 55. ಇದು ಅನ್ಯಾಯ ಎಂದು ಹಲವರು ವರ್ಷಗಟ್ಟಲೆ ವಾದಿಸಿದರು. ಆಫ್ರಿಕಾದ ಸವನ್ನಾ ಎಂದರೆ ಅಕೇಶಿಯಾ ಎನ್ನುವಷ್ಟು ಆ ಹೆಸರು ಅಲ್ಲಿ ಬೇರೂರಿತ್ತಲ್ಲ! 2011ರ ಮೆಲ್ಬರ್ನ್ ಸಮ್ಮೇಳನದಲ್ಲೂ ತೀರ್ಮಾನ ಬದಲಾಗಲಿಲ್ಲ.

ಹೀಗೆ ಕರಿಜಾಲಿ ಈಗ 'ವೆಚೆಲಿಯಾ', ಸೀಗೆ 'ಸೆನೆಗಾಲಿಯಾ'. ನಮ್ಮ ಮಲೆನಾಡು, ಕರಾವಳಿಯ ನೆಡುತೋಪುಗಳಿಗೆ ಆಸ್ಟ್ರೇಲಿಯಾ ಕಡೆಯಿಂದ ಬಂದ ಮರ ಮಾತ್ರ ಇವತ್ತಿಗೂ ಅಕೇಶಿಯಾ!

ಒಂದು ಮಾತು ಗಮನಿಸಿ. ಯಾರಿಗೆ ಯಾರು ನೆಂಟರು ಎಂಬುದಕ್ಕೆ ಡಿಎನ್‌ಎ ಪುರಾವೆ ಕೊಡುತ್ತೆ. ಹೆಸರು ಯಾರ ಪಾಲಿಗೆ ಎಂಬುದನ್ನು ಮನುಷ್ಯರು ಕೂತು ತೀರ್ಮಾನಿಸುತ್ತಾರೆ. ಎರಡನ್ನೂ ಬೆರೆಸಬಾರದು. ಸೀಗೆಕಾಯಿಯ ಬಗ್ಗೆ ಏನಾದರೂ ಹುಡುಕುವಾಗ ಹಳೆಯ, ಹೊಸ ಹೆಸರು ಎರಡನ್ನೂ ಹಾಕಿ ನೋಡಿ. ಇಲ್ಲದಿದ್ದರೆ ಅರ್ಧ ಮಾಹಿತಿ ತಪ್ಪಿಹೋಗುತ್ತೆ.

ಮುಂದಿನ ಕಂತಿನಲ್ಲಿ ಸಿಗೋಣ.