ಸಿ ಡ್ರೈವ್ ಫುಲ್, ಡಿ ಡ್ರೈವ್ ಖಾಲಿ!

ಸಿ ಡ್ರೈವ್ ಕೆಂಪಗಾಗಿದೆ, ಪಕ್ಕದ ಡಿ ಡ್ರೈವ್ ಖಾಲಿ ಹೊಡೀತಿದೆ. ಆದ್ರೂ ವಿಂಡೋಸ್ ಜಾಗ ಇಲ್ಲ ಅಂತಿದೆ. ಯಾಕೆ?

ಎಷ್ಟೋ ಕಂಪ್ಯೂಟರ್‌ಗಳಲ್ಲಿ ಇರೋದು ಒಂದೇ ಡಿಸ್ಕ್. ಒಂದೇ ಸೈಟನ್ನ ಅಣ್ಣ-ತಮ್ಮ ಪಾಲು ಮಾಡ್ಕೊಂಡು ನಡುವೆ ಕಾಂಪೌಂಡ್ ಎತ್ತಿದ ಹಾಗೆ, ಅದನ್ನ ಸಿ, ಡಿ ಅಂತ ವಾಲ್ಯೂಮ್‌ಗಳಾಗಿ ಹಂಚಿರ್ತಾರೆ. ಒಂದರ ಜಾಗ ಇನ್ನೊಂದಕ್ಕೆ ತಾನಾಗೇ ಸಿಗಲ್ಲ.

1 ಟಿಬಿ ಡಿಸ್ಕ್ ತಗೊಂಡ್ರೆ 931 ಜಿಬಿ ಮಾತ್ರ ಕಾಣುತ್ತಾ? ಮೋಸ ಅಲ್ಲ. ತಯಾರಕರದ್ದು 1000ದ ಲೆಕ್ಕ, ವಿಂಡೋಸ್‌ದು 1024ರ ಲೆಕ್ಕ.

ಈಗ ಜಾಗ ಮಾಡೋಣ. ಸೆಟ್ಟಿಂಗ್ಸ್, ಸಿಸ್ಟಮ್, ಆಮೇಲೆ ಸ್ಟೋರೇಜ್. ಯಾವುದು ಎಷ್ಟು ಜಾಗ ತಿಂದಿದೆ ಅಂತ ಇಲ್ಲೇ ಕಾಣುತ್ತೆ. ‘ಟೆಂಪರರಿ ಫೈಲ್ಸ್’ ಒತ್ತಿ. ಹಳೇ ಅಪ್‌ಡೇಟ್ ಫೈಲು, ರೀಸೈಕಲ್ ಬಿನ್, ಇವಕ್ಕೆ ಟಿಕ್ ಹಾಕಿ ತೆಗೀರಿ. ಡಿಲೀಟ್ ಮಾಡಿದ ಫೈಲು ಬಿನ್‌ನಲ್ಲಿ ಇರೋ ತನಕ ಜಾಗ ಖಾಲಿ ಆಗಲ್ಲ, ನೆನಪಿರಲಿ.

ಅದೇ ಪಟ್ಟಿಯಲ್ಲಿ ‘ಡೌನ್‌ಲೋಡ್ಸ್’ ಕೂಡ ಇರುತ್ತೆ. ಹುಷಾರು! ನಿಮ್ಮ ಆಧಾರ್, ಮಾರ್ಕ್ಸ್ ಕಾರ್ಡ್ ಪಿಡಿಎಫ್ ಅಲ್ಲೇ ಇರಬಹುದು. ತೆರೆದು ನೋಡದೆ ಟಿಕ್ ಹಾಕಬೇಡಿ.

ದೊಡ್ಡ ವಿಡಿಯೋ, ಫೋಟೋಗಳನ್ನ ಕಟ್ ಮಾಡಿ ಡಿ ಡ್ರೈವ್‌ಗೆ ಹಾಕಿ. ಆದ್ರೆ ‘ವಿಂಡೋಸ್’, ‘ಪ್ರೋಗ್ರಾಮ್ ಫೈಲ್ಸ್’ ಫೋಲ್ಡರ್‌ಗಳ ತಂಟೆಗೆ ಹೋಗಲೇಬೇಡಿ.

ಸಿ ಡ್ರೈವನ್ನೇ ದೊಡ್ಡದು ಮಾಡಬೇಕಾ? ಡಿಸ್ಕ್ ಮ್ಯಾನೇಜ್‌ಮೆಂಟ್‌ನಲ್ಲಿ ಅದರ ಬಲಕ್ಕೆ ಅಂಟಿಕೊಂಡೇ ಹಂಚದ ಜಾಗ ಇರಬೇಕು. ಅದಕ್ಕೋಸ್ಕರ ಡಿ ವಾಲ್ಯೂಮ್ ಅಳಿಸಿದ್ರೆ ಒಳಗಿನ ಫೈಲೆಲ್ಲ ಹೋಗುತ್ತೆ. ಹಾಗಾಗಿ ಮೊದಲು ಬ್ಯಾಕಪ್ ತಗೊಳ್ಳಿ, ಆಮೇಲೆ ಕೈ ಹಾಕಿ.