ಹಗಲಿನಲ್ಲಿ ಕಟ್ಟಿದ ವೇಷ

ವೇಷಕ್ಕೆ ಇರುಳು ಬೇಕು, ದೀಪ ಬೇಕು, ಆಡುವವರಿಗೂ ನೋಡುವವರಿಗೂ ನಡುವೆ ಒಂದಿಷ್ಟು ದೂರ ಬೇಕು ಎಂದು ನಂಬಿದ್ದವನು ನಾನು. ಭರತನು ಅಭಿನಯವನ್ನು ಆಂಗಿಕ, ವಾಚಿಕ, ಆಹಾರ್ಯ, ಸಾತ್ವಿಕ ಎಂದು ನಾಲ್ಕಾಗಿ ವಿಂಗಡಿಸಿದನೆಂಬುದನ್ನು ಹದಿನೆಂಟು ವರ್ಷಗಳಿಂದ ತರಗತಿಯಲ್ಲಿ ಹೇಳುತ್ತ ಬಂದಿದ್ದೇನೆ. ಅವುಗಳಲ್ಲಿ ಆಹಾರ್ಯವೆಂದರೆ ಉಡುಗೆ, ತೊಡುಗೆ, ಬಣ್ಣ, ಹೊರಗಿನಿಂದ ಬರುವಂಥದು. ಆದುದರಿಂದ ಅದನ್ನು ಎರಡು ಮಾತಿನಲ್ಲಿ ಮುಗಿಸಿ ಮುಂದೆ ಹೋಗುವುದು ನನ್ನ ರೂಢಿ. ಈ ರೂಢಿಯನ್ನು ಬಿಡಿಸಿದವನು ನನ್ನ ವಿದ್ಯಾರ್ಥಿಯೊಬ್ಬ.

ನಮ್ಮ ಕಾಲೇಜಿನಲ್ಲಿ ಕನ್ನಡವನ್ನು ಐಚ್ಛಿಕವಾಗಿ ಓದುವವರು ಕೊನೆಯ ವರ್ಷ ಒಂದು ಜನಪದ ಕಲೆಯನ್ನು ಅಭ್ಯಾಸಮಾಡಿ ಆಡಿ ತೋರಿಸಬೇಕು. ಕೆಲವರು ಕಂಸಾಳೆಯನ್ನು, ಕೆಲವರು ಕೋಲಾಟವನ್ನು ಆರಿಸಿಕೊಂಡರು. ಹಿಂದಿನ ಬೆಂಚಿನಲ್ಲಿ ಕುಳಿತು ಎಂದೂ ಬಾಯಿ ತೆರೆಯದ ಈ ಹುಡುಗ ಚೀಟಿಯ ಮೇಲೆ “ಹಗಲುವೇಷ” ಎಂದು ಬರೆದುಕೊಟ್ಟ. ಇನ್ನು ನಾಲ್ವರು ಅವನೊಡನೆ ಸೇರಿದರು. ಸಭಾಂಗಣವನ್ನು ಕೇಳಿ ಇಡುತ್ತೇನೆ ಎಂದೆ. “ಹಗಲುವೇಷಕ್ಕೆ ಸಭಾಂಗಣ ಏಕೆ ಸರ್? ಬಯಲು ಸಾಕು” ಎಂದ.

ಬಳ್ಳಾರಿ, ಕೊಪ್ಪಳ, ರಾಯಚೂರುಗಳ ಕಡೆ ಬೆಳೆದವರಿಗೆ ಈ ಕಲೆಯನ್ನು ವಿವರಿಸಬೇಕಾಗಿಲ್ಲ. ವೇಷಗಾರರು ಊರಿಂದೂರಿಗೆ ಅಲೆದು ಬದುಕಿದ ಜನ. ಮನೆಯ ಮಾತು ತೆಲುಗು. ಆಟದಲ್ಲಿ ಕನ್ನಡವೂ ಉಂಟು, ತೆಲುಗೂ ಉಂಟು. ರಂಗವಿಲ್ಲ, ಪರದೆಯಿಲ್ಲ. ಒಂದೂರಿನಲ್ಲಿ ಕೆಲವು ದಿನ ಬಿಡಾರ ಹೂಡಿ, ದಿನಕ್ಕೊಂದು ವೇಷ ಕಟ್ಟಿ, ಹಾರ್ಮೋನಿಯಂ ತಬಲಗಳೊಡನೆ ರಾಮಾಯಣ ಭಾರತಗಳ ಕಥೆಯನ್ನು ಬೀದಿಯಲ್ಲಿ ಆಡುತ್ತಾರೆ. ಕೊನೆಯ ದಿನ ಮನೆಮನೆಯ ಮುಂದೆ ನಿಂತು, ಕಾಳೋ ಬಟ್ಟೆಯೋ ಹಣವೋ, ಕೊಟ್ಟದ್ದನ್ನು ಪಡೆಯುತ್ತಾರೆ. ಇದು ನಿನ್ನೆ ಮೊನ್ನೆಯ ಬದುಕಲ್ಲ. ಹನ್ನೆರಡನೆಯ ಶತಮಾನದ ವಚನಕಾರರಲ್ಲಿ ಬಹುರೂಪಿ ಚೌಡಯ್ಯನು ತನ್ನ ಕಸುಬನ್ನು ಹೆಸರಿನಲ್ಲಿಯೇ ಹೊತ್ತುಕೊಂಡಿದ್ದಾನೆ.

ಆ ವರ್ಷ ನಮಗೆ ಪಠ್ಯ ರನ್ನನ ಗದಾಯುದ್ಧ. 949ರಲ್ಲಿ ಮುದುವೊಳಲಿನ ಬಳೆಗಾರರ ಕುಲದಲ್ಲಿ ಹುಟ್ಟಿದವನು ಚಾಲುಕ್ಯ ಚಕ್ರವರ್ತಿಯಿಂದ ಕವಿಚಕ್ರವರ್ತಿಯೆನಿಸಿಕೊಂಡನೆಂದು ನಾನು ಉತ್ಸಾಹದಿಂದ ಪಾಠ ಹೇಳಿದ್ದೆ. ಕುಲದ ಕಸುಬಿಗಾಗಿ ಯಾರೂ ನಾಚಬೇಕಾಗಿಲ್ಲವೆಂದು ಸಲೀಸಾಗಿ ಒಂದು ಮಾತನ್ನೂ ಸೇರಿಸಿದ್ದೆ. ಹುಡುಗರು ದುರ್ಯೋಧನನ ಕಥೆಯನ್ನೇ ಆರಿಸಿಕೊಂಡರು.

ಆಟದ ದಿನ ಬೆಳಗ್ಗೆ ಕಲಿಸಲೆಂದು ಊರಿನಿಂದ ಒಬ್ಬ ಮುದುಕರು ಬಂದಿದ್ದರು. ಅರದಾಳ, ಇಂಗಳೀಕ, ಸಫೇದ, ಕಾಡಿಗೆ ಎಲ್ಲವನ್ನೂ ತೆಂಗಿನ ಚಿಪ್ಪುಗಳಲ್ಲಿ ಸಾಲಾಗಿ ಇಟ್ಟುಕೊಂಡು, ಅರದಾಳದ ಹಳದಿಯನ್ನು ಕೊಬ್ಬರಿ ಎಣ್ಣೆಯಲ್ಲಿ ಕಲಸಿ, ನಮ್ಮ ಹುಡುಗನ ಗಲ್ಲ ಹಿಡಿದೆತ್ತಿ ಮುಖಕ್ಕೆ ಹಚ್ಚತೊಡಗಿದರು. ಬಣ್ಣ ಕಣ್ಣಿಗೆ ತಾಗಿತೇನೋ, ಹುಡುಗ ತಟ್ಟನೆ “ನಾಯನಾ!” ಎಂದ. ತೆಲುಗಿನಲ್ಲಿ ನಾಯನ ಎಂದರೆ ಅಪ್ಪ. ಕೊಠಡಿಯಲ್ಲಿ ಒಂದು ಗಳಿಗೆ ಯಾರೂ ಮಾತಾಡಲಿಲ್ಲ. ಪ್ರವೇಶದ ಅರ್ಜಿಯಲ್ಲಿ ತಂದೆಯ ವೃತ್ತಿ “ಕೂಲಿ” ಎಂದಿದ್ದುದು ನನಗೆ ನೆನಪಾಯಿತು. ಮೂರು ವರ್ಷ ಅವನು ನನ್ನ ಮುಂದೆ ಕುಳಿತಿದ್ದ. ನಾಚಬೇಕಾಗಿಲ್ಲವೆಂದು ಹೇಳಿದ್ದೆನಲ್ಲದೆ, ನಾಚುತ್ತಿರುವವನು ಯಾರೆಂದು ನೋಡಿರಲಿಲ್ಲ.

ಗ್ರಂಥಾಲಯದ ಮುಂದೆ ನೀರಿಲ್ಲದ ಕಾರಂಜಿಯ ತೊಟ್ಟಿಯೊಂದಿದೆ. ಅದೇ ವೈಶಂಪಾಯನ ಸರೋವರವಾಯಿತು. ಮೈಯುಳಿಸಿಕೊಳ್ಳಲೆಂದು ಕೊಳದಲ್ಲಿ ಅಡಗಿದ ಕೌರವನು ಉರಿಬಿಸಿಲಿನಲ್ಲಿ ಅಲ್ಲಿ ಮುದುರಿ ಕುಳಿತ. ಹುಡುಗರು ನಕ್ಕರು, ಮೊಬೈಲು ಹಿಡಿದು ಚಿತ್ರ ತೆಗೆದುಕೊಂಡರು. ಭೀಮ ಬಂದು ಹಂಗಿಸಿದ, ಹೀಯಾಳಿಸಿದ. ಕೊನೆಗೆ ಗದೆಯನ್ನೂರಿ ಅವನು ಎದ್ದು ನಿಂತಾಗ ನಗು ನಿಂತಿತು. ಮೂರು ವರ್ಷ ಕೇಳದಿದ್ದ ದನಿ ಆ ಬಯಲನ್ನೆಲ್ಲ ತುಂಬಿತು. ಹರಿದ ಜರಿಯೂ ಬೆವರಿಗೆ ಇಳಿದ ಬಣ್ಣವೂ ಹಗಲಿನಲ್ಲಿ ಸ್ಪಷ್ಟವಾಗಿ ಕಾಣುತ್ತಿದ್ದುವು. ಅದೆಲ್ಲ ಕಾಣುತ್ತಿದ್ದರೂ ಅರಸನಾಗಿ ಉಳಿಯುವುದೇ ಈ ಕಲೆಯ ಕಷ್ಟವೆಂದು ನನಗೆ ಆಗ ತಿಳಿಯಿತು.

ಬೇಡುವ ಭಾಗವನ್ನು ಬಿಟ್ಟುಬಿಡಿರೆಂದು ನಾನು ಮೊದಲೇ ಹೇಳಿದ್ದೆ. ಕಾಲೇಜಿನ ಆವರಣದಲ್ಲಿ ಭಿಕ್ಷೆಯೆ ಎಂದು ಸಹೋದ್ಯೋಗಿಗಳು ಆಕ್ಷೇಪಿಸಿದ್ದರು, ನಾನೂ ಅಳುಕಿದ್ದೆ. ಆಟ ಮುಗಿದ ಮೇಲೆ ಹುಡುಗ ನನ್ನ ಬಳಿಗೆ ಬಂದು, “ಕೇಳದೆ ಹೋದರೆ ಇದು ನಾಟಕವಾಗುತ್ತದೆ ಸರ್, ಹಗಲುವೇಷವಾಗುವುದಿಲ್ಲ. ಶಾಲೆಯ ಗೆಳೆಯರ ಮನೆಯ ಮುಂದೆ ನಾಯನ ಕೇಳುವಾಗ ನಾನು ಗೋಡೆಯ ಮರೆಗೆ ಹೋಗುತ್ತಿದ್ದೆ. ಇವತ್ತು ನಾನು ಕೇಳಬೇಕು” ಎಂದ. ನಾನು ಬೇಡವೆನ್ನಲಿಲ್ಲ, ಆಗಲಿ ಎನ್ನುವ ಧೈರ್ಯವೂ ಬರಲಿಲ್ಲ. ಅವನು ನನ್ನ ಉತ್ತರಕ್ಕೆ ಕಾಯಲಿಲ್ಲ.

ಕಿರೀಟ ಹೊತ್ತ ದುರ್ಯೋಧನ ಅಧ್ಯಾಪಕರ ಕೊಠಡಿಯ ಬಾಗಿಲಿನಲ್ಲಿ ನಿಂತು ಶಲ್ಯವನ್ನೊಡ್ಡಿದ. ಹಿಂದೆ ಮುದುಕರು ಹಾರ್ಮೋನಿಯಂ ಹಿಡಿದಿದ್ದರು. ಜೇಬಿನಿಂದ ನೋಟು ತೆಗೆದ ನನಗೆ ಕೊಡುವುದು ಹೇಗೆಂದು ತೋಚಲಿಲ್ಲ. ಮೇಲಿನಿಂದ ಹಾಕಿದರೆ ಭಿಕ್ಷೆ, ಕೈಯಲ್ಲಿಟ್ಟರೆ ಕೂಲಿ. ಎದ್ದು ನಿಂತೆ. ಎರಡು ಕೈಯಲ್ಲಿಯೂ ಹಿಡಿದು ಕೊಟ್ಟೆ. ಆಕ್ಷೇಪಿಸಿದ್ದವರಲ್ಲಿ ಇಬ್ಬರು ಎದ್ದು ಬಂದರು, ಒಬ್ಬರು ಪತ್ರಿಕೆಯಿಂದ ಮುಖವೆತ್ತಲಿಲ್ಲ. ಮುದುಕರು ಎಲ್ಲರನ್ನೂ ಒಂದೇ ಸಮನಾಗಿ ಹರಸಿದರು.

ಬೇಸಗೆಯಲ್ಲಿ ಅವನು ಎಂ.ಎ. ಅರ್ಜಿ ಹಿಡಿದು ನನ್ನ ರುಜುವಿಗಾಗಿ ಬಂದ. ತಂದೆಯ ವೃತ್ತಿಯ ಮುಂದೆ “ಹಗಲುವೇಷ” ಎಂದಿತ್ತು. ಅಕ್ಷರ ದುಂಡಾಗಿತ್ತು, ಎಲ್ಲಿಯೂ ತಿದ್ದಿರಲಿಲ್ಲ. ನಾನು ರುಜು ಹಾಕಿದೆ.