ದಡವೇರಿದ ದೋಣಿಯ ಸಂಸಾರ

ಮನೆಯೆಂದರೆ ಅಸ್ತಿಭಾರವುಳ್ಳದ್ದು, ಇದ್ದಲ್ಲಿಯೇ ಇರತಕ್ಕದ್ದು ಎಂದು ನಾವೆಲ್ಲರೂ ತಿಳಿದಿರುವೆವು. ಆದರೆ ಹಾಯಿದೋಣಿಯನ್ನೇ ಮನೆಯಾಗಿ ಮಾಡಿಕೊಂಡು, ಅಡಿಗೆ, ಊಟ, ನಿದ್ರೆ, ಮಕ್ಕಳ ಪಾಠ ಎಲ್ಲವನ್ನೂ ಅದರಲ್ಲಿಯೇ ನಡೆಯಿಸುತ್ತ ದ್ವೀಪದಿಂದ ದ್ವೀಪಕ್ಕೆ ಸಂಚರಿಸುವ ಕುಟುಂಬಗಳೂ ಪ್ರಪಂಚದಲ್ಲಿ ಉಂಟು. ಕೆರಿಬಿಯನ್ ಸಮುದ್ರದಲ್ಲಿ ಇಂಥವರು ಬಹು ಮಂದಿ. ನಮ್ಮ ಯತಿಗಳಿಗೆ ಮಳೆಗಾಲದಲ್ಲಿ ಚಾತುರ್ಮಾಸ್ಯವಿರುವಂತೆ, ಸಂಚಾರಿಗಳಾದ ಈ ಗೃಹಸ್ಥರಿಗೂ ಒಂದೆಡೆ ನಿಲ್ಲಬೇಕಾದ ಕಾಲವೊಂದುಂಟು. ಅದೇ ಚಂಡಮಾರುತದ ಕಾಲ.

ಅಲ್ಲಿಯ ಚಂಡಮಾರುತಕ್ಕೆ ಹರಿಕೇನ್ ಎಂದು ಹೆಸರು. ಆ ದ್ವೀಪಗಳ ಮೂಲನಿವಾಸಿಗಳಾದ ಟೈನೋ ಜನರ ಭಾಷೆಯಿಂದ ಬಂದ ಮಾತಿದು. ನಮ್ಮ ಬಂಗಾಳಕೊಲ್ಲಿಯಲ್ಲಿ ಏಳುವ ಚಂಡಮಾರುತವೂ ಇದೂ ಒಂದೇ ಜಾತಿ. ಜೂನ್ 1ರಿಂದ ನವೆಂಬರ್ 30ರ ವರೆಗೆ ಇದರ ಕಾಲ. ಸೆಪ್ಟೆಂಬರಿನಲ್ಲಿ ಇದರ ಉಗ್ರತೆ ಹೆಚ್ಚು. ಸಮುದ್ರದ ನೀರು ಸುಮಾರು 26 ಅಥವಾ 27 ಡಿಗ್ರಿ ಸೆಲ್ಸಿಯಸ್‌ಗಿಂತ ಬೆಚ್ಚಗಾದಾಗ ಅದರ ಆವಿಯೇ ಬಿರುಗಾಳಿಗೆ ಆಹಾರವಾಗುವುದು. ಗಾಳಿಯನ್ನು ಸುತ್ತಿಸುವುದು ಭೂಮಿಯ ಭ್ರಮಣ. ಭೂಮಧ್ಯರೇಖೆಯ ಹತ್ತಿರ ಆ ತಿರುವು ಅತ್ಯಲ್ಪವಾದುದರಿಂದ ಅಲ್ಲಿ ಇದು ಹುಟ್ಟುವುದು ಅಪರೂಪ. ಇದನ್ನರಿತ ನಾವಿಕರು ಬೇಸಗೆಯ ಕೊನೆಗೆ ದಕ್ಷಿಣದ ಗ್ರೆನೆಡಾ, ಟ್ರಿನಿಡಾಡ್ ದ್ವೀಪಗಳಿಗೆ ಬಂದು ಸೇರುವರು. ಟ್ರಿನಿಡಾಡಿನ ಷಗ್ವಾರಾಮಸ್ ಎಂಬಲ್ಲಿ ದೋಣಿ ದುರಸ್ತಿಯ ವಿಸ್ತಾರವಾದ ಅಂಗಳಗಳಿವೆ.

ಗಾಲಿಗಳುಳ್ಳ ದೊಡ್ಡ ಎತ್ತುಯಂತ್ರವು ದೋಣಿಯ ಒಡಲಿಗೆ ಎರಡು ಅಗಲವಾದ ಪಟ್ಟಿಗಳನ್ನು ಹಾಕಿ, ತೊಟ್ಟಿಲನ್ನೆತ್ತುವಂತೆ ಎತ್ತಿ, ನೆಲದ ಮೇಲೆ ಉಕ್ಕಿನ ಊರುಗಾಲುಗಳ ನಡುವೆ ನಿಲ್ಲಿಸುವುದು. ಅಂದಿನಿಂದ ಗೃಹಿಣಿಯ ಕಷ್ಟಕ್ಕೆ ಆರಂಭ. ಮನೆಗೆ ಹೋಗಬೇಕಾದರೆ ಏಣಿಯೇ ಗತಿ. ಪಾತ್ರೆ ತೊಳೆದ ನೀರನ್ನು ಬಕೀಟಿನಲ್ಲಿ ಹಿಡಿದು ಕೆಳಗಿಳಿಸಬೇಕು. ನೀರಿನಲ್ಲಿದ್ದಾಗ ಸಮುದ್ರವೇ ಒಡಲನ್ನು ತಂಪಾಗಿಡುತ್ತಿತ್ತು. ಈಗ ಮೇಲ್ಮಾಳಿಗೆಯು ಕಾದ ಕಾವಲಿ. ರಾತ್ರಿಯಾದರೆ ಸೊಳ್ಳೆ, ಹಗಲಾದರೆ ಇರುವೆ.

ಇನ್ನು ದುರಸ್ತಿಯ ಕೆಲಸ. ನೀರೊಳಗಿನ ಭಾಗಕ್ಕೆ ಅಂಟಿದ ಪಾಚಿಯನ್ನೂ ಚಿಪ್ಪುಳ್ಳ ಸಣ್ಣ ಜೀವಿಗಳನ್ನೂ ಕೆರೆದು ತೆಗೆದು, ತಾಮ್ರ ಬೆರೆತ ಬಣ್ಣವನ್ನು ಬಳಿಯಬೇಕು. ತಾಮ್ರವು ಸ್ವಲ್ಪ ಸ್ವಲ್ಪವೇ ಕರಗಿ ಆ ಜೀವಿಗಳಿಗೆ ವಿಷವಾಗುವುದು. ಹಳೆಯ ಬಣ್ಣವನ್ನು ಉಜ್ಜುವಾಗ ಏಳುವ ಧೂಳು ಮನುಷ್ಯರಿಗೂ ಕೆಟ್ಟದ್ದು. ಮೂಗುಬಾಯಿಗಳನ್ನು ಮುಚ್ಚಿಕೊಳ್ಳಬೇಕು, ಮಕ್ಕಳನ್ನು ದೂರವಿರಿಸಬೇಕು.

ಉಪ್ಪುನೀರಿನಲ್ಲಿ ಎರಡು ಬೇರೆ ಲೋಹಗಳು ಕೂಡಿದ್ದರೆ ಅವುಗಳಲ್ಲೊಂದು ಕರಗಿಹೋಗುವುದು. ಆದುದರಿಂದ ಕಂಚಿನ ಚಕ್ರವನ್ನು ಕಾಪಾಡಲು ಅದರ ಬಳಿ ಸತುವಿನ ತುಂಡನ್ನು ಕಟ್ಟುವರು. ಸತುವು ತಾನು ಬಲಿಯಾಗಿ ಕಂಚನ್ನುಳಿಸುವುದು. ಅದು ಅರ್ಧ ಕರಗುವಷ್ಟರಲ್ಲಿ ಹೊಸದನ್ನು ಹಾಕತಕ್ಕದ್ದು. ಈ ಉಪಾಯವನ್ನು 1824ರಲ್ಲಿ ಹಂಫ್ರಿ ಡೇವಿಯೆಂಬ ಆಂಗ್ಲ ವಿಜ್ಞಾನಿಯು ಇಂಗ್ಲೆಂಡಿನ ಯುದ್ಧನೌಕೆಗಳ ತಾಮ್ರದ ಹೊದಿಕೆಗಾಗಿ ಸೂಚಿಸಿದನು. ತಾಮ್ರವೇನೋ ಉಳಿಯಿತು, ಆದರೆ ಕರಗದ ತಾಮ್ರದಲ್ಲಿ ವಿಷವಿಲ್ಲದೆ ಚಿಪ್ಪಿನ ಜೀವಿಗಳು ಮುತ್ತಿಕೊಂಡುವು! ಒಂದು ರೋಗದ ಮದ್ದು ಇನ್ನೊಂದಕ್ಕೆ ದಾರಿಯಾಯಿತು.

ಇಷ್ಟಾದರೂ ನಿಜವಾದ ಚಿಂತೆ ಬೇರೆಯೇ ಇದೆ. ದುರಸ್ತಿಗೆಂದು ನೀರಿನ ಕೊಳವೆಗಳ ಬಾಯಿಗಳನ್ನು ಬಿಚ್ಚಿ, ಮನೆಯೇ ಚೂರುಚೂರಾಗಿರುವ ಈ ತಿಂಗಳುಗಳೇ ಬಿರುಗಾಳಿಯ ತಿಂಗಳುಗಳು. ಅಂಥ ದೋಣಿಯನ್ನು ಥಟ್ಟನೆ ನೀರಿಗಿಳಿಸಿ ಓಡಿಸುವಂತಿಲ್ಲ. ಗ್ರೆನೆಡಾವು 1955ರ ಜಾನೆಟ್ ಚಂಡಮಾರುತದ ಅನಂತರ ಸುಮಾರು ಅರ್ಧ ಶತಮಾನ ಅಂಥ ಪೆಟ್ಟನ್ನು ಕಂಡಿರಲಿಲ್ಲ. ಕ್ಷೇಮಸ್ಥಾನವೆಂದು ದೋಣಿಗಳು ಅಲ್ಲಿ ತುಂಬಿದ್ದುವು. 2004ರ ಸೆಪ್ಟೆಂಬರ್ 7ರಂದು ಐವನ್ ಬಂದಿತು. 39 ಮಂದಿ ಮಡಿದರು. ಹತ್ತರಲ್ಲಿ ಸುಮಾರು ಒಂಬತ್ತು ಮನೆಗಳು ಜಖಂಗೊಂಡುವು. ಅಂಗಳದಲ್ಲಿ ನಿಲ್ಲಿಸಿದ್ದ ದೋಣಿಗಳು ಒಂದರ ಮೇಲೊಂದು ಉರುಳಿದುವು. ಮರುವರ್ಷ ಜುಲೈಯಲ್ಲಿ ಎಮಿಲಿ. 2024ರ ಜುಲೈ 1ರಂದು, ಕಾಲವು ಆರಂಭವಾಗಿ ತಿಂಗಳಷ್ಟೇ ಆಗಿರಲು, ಬೆರಿಲ್ ಎಂಬುದು ಗಂಟೆಗೆ ಸುಮಾರು 240 ಕಿಲೋಮೀಟರ್ ವೇಗದ ಗಾಳಿಯೊಡನೆ ಅದೇ ರಾಜ್ಯದ ಕ್ಯಾರಿಯಾಕೂ ದ್ವೀಪಕ್ಕೆ ಎರಗಿತು. ಹಿಂದೆ ಬಂದಿಲ್ಲವೆಂಬುದು ಮುಂದೆ ಬಾರದೆಂಬುದಕ್ಕೆ ಪ್ರಮಾಣವಲ್ಲವಷ್ಟೆ.

ಗಾಳಿಯ ವೇಗ ಇಮ್ಮಡಿಯಾದರೆ ಅದರ ಒತ್ತಡ ನಾಲ್ಮಡಿಯಾಗುವುದು. ಆದುದರಿಂದ ಬಲ್ಲವರು ಗಾಳಿಗೆ ಸಿಕ್ಕುವ ಹಾಯಿ, ಚಪ್ಪರಗಳನ್ನೆಲ್ಲ ಮೊದಲೇ ಬಿಚ್ಚಿಡುವರು. ಸಾಧ್ಯವಿದ್ದರೆ ಹಾಯಿಯ ಕಂಬವನ್ನೂ ಇಳಿಸುವರು. ಎದುರುಬದುರಿನ ಊರುಗಾಲುಗಳನ್ನು ಸರಪಳಿಯಿಂದ ಬಿಗಿದು, ಅವು ನೆನೆದ ಮಣ್ಣಿನಲ್ಲಿ ಕುಸಿಯದಂತೆ ಅಡಿಗೆ ಹಲಗೆಯಿಟ್ಟು, ದೋಣಿಯನ್ನು ನೆಲದಲ್ಲಿ ಹೂತ ಕಾಂಕ್ರೀಟಿನ ದಿಮ್ಮಿಗಳಿಗೆ ಪಟ್ಟಿಗಳಿಂದ ಕಟ್ಟುವರು. ಇವೆಲ್ಲ ಜೂನಿಗೆ ಮೊದಲೇ ಆಗತಕ್ಕ ಕೆಲಸಗಳು. ಮುನ್ಸೂಚನೆ ಬಂದ ದಿನ ಉಳಿಯುವ ಕೆಲಸ ಒಂದೇ: ಏಣಿಯಿಳಿದು, ಹೆಂಡತಿ ಮಕ್ಕಳೊಡನೆ ಭದ್ರವಾದ ಕಟ್ಟಡಕ್ಕೆ ಹೋಗುವುದು. ಮನೆಯನ್ನು ಕಾಯುವೆನೆಂದು ಒಳಗೆ ಕುಳಿತವನ ಭಾರವನ್ನು ಬಿರುಗಾಳಿಯು ಲೆಕ್ಕಿಸದು.

ನಮ್ಮ ಕರಾವಳಿಯಲ್ಲಿಯೂ ಜೂನ್ 1ರಿಂದ ಜುಲೈ 31ರ ವರೆಗೆ ಯಂತ್ರದೋಣಿಗಳ ಮೀನುಗಾರಿಕೆಗೆ ನಿಷೇಧವಿರುವುದು. ಮಲ್ಪೆ, ಮಂಗಳೂರುಗಳಲ್ಲಿ ದೋಣಿಗಳು ವಿಶ್ರಮಿಸಿರುವಾಗ ಬಲೆಗಳು ಹೊಸದಾಗುವುವು, ಹಲಗೆಗಳು ಭದ್ರವಾಗುವುವು. ಬಿಡುವಿನ ಕಾಲವೆಂಬುದು ಸುಮ್ಮನಿರುವ ಕಾಲವಲ್ಲ. ಮಳೆ ಬೀಳುವುದಕ್ಕೆ ಮೊದಲೇ ಹೆಂಚು ಕೈಯಾಡಿಸುವ ನಮ್ಮ ಗೃಹಸ್ಥರಿಗೆ ಇದನ್ನು ಬಿಡಿಸಿ ಹೇಳಬೇಕಾದುದಿಲ್ಲ. ಆದರೆ ಮನೆಯನ್ನು ಭದ್ರಪಡಿಸುವುದರ ಜೊತೆಗೆ, ಅದನ್ನು ಬಿಟ್ಟು ಹೊರಡಬೇಕಾದ ಗಳಿಗೆಯನ್ನೂ ಅರಿತಿರಬೇಕೆಂಬುದನ್ನು ನಾವು ಆ ದೋಣಿಯ ಸಂಸಾರಿಗಳಿಂದ ಕಲಿಯಬಹುದು.